ತಲೆಗೆ ಬಿದ್ದ ಪೆಟ್ಟು ಮತ್ತು ಪರಿಹಾರದ ಹಕ್ಕು

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ರೋಗಿಗಳು ಹಾಗೂ ಅವರ ಮನೆಯವರ ತಿಳಿವಳಿಕೆಗಾಗಿ)



ಅಪಘಾತದಲ್ಲಿ ಕಾಲು ಮುರಿದವನ ಕಷ್ಟವನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಪ್ಲಾಸ್ಟರ್ ಕಾಣುತ್ತದೆ, ಊರುಗೋಲು ಕಾಣುತ್ತದೆ, ಎಕ್ಸರೇಯನ್ನು ಬೆಳಕಿಗೆ ಹಿಡಿದರೆ ಮುರಿದ ಗೆರೆ ಕಾಣುತ್ತದೆ. ತಲೆಗೆ ಪೆಟ್ಟು ಬಿದ್ದವನ ವಿಷಯ ಹಾಗಲ್ಲ. ಹೊಲಿಗೆ ಬಿಚ್ಚಿ ಕೂದಲು ಬೆಳೆದ ಮೇಲೆ ಆತ ಹೊರನೋಟಕ್ಕೆ ಮೊದಲಿನಂತೆಯೇ ಇರುತ್ತಾನೆ. ನೆಂಟರು ಬಂದು "ದೊಡ್ಡ ಗಂಡಾಂತರ ಕಳೆಯಿತು" ಎಂದು ಸಮಾಧಾನ ಹೇಳಿ ಹೋಗುತ್ತಾರೆ. ಮನೆಯಾಕೆ ಮಾತ್ರ ವೈದ್ಯರ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ಹಿಂದೆ ಉಳಿದು, ಗಂಡನಿಗೆ ಕೇಳಿಸದಂತೆ, "ಅವ್ರ್ ಮೊದ್ಲಿನಂಗ್ ಇಲ್ಲೆ ಡಾಕ್ಟ್ರೆ" ಎನ್ನುತ್ತಾಳೆ.

ಈ ಕಾಣದ ನಷ್ಟಕ್ಕೂ ಕಾನೂನಿನಲ್ಲಿ ಪರಿಹಾರವಿದೆ. ಆದರೆ ನ್ಯಾಯಾಧೀಶರು ಆ ಮನೆಯಲ್ಲಿದ್ದು ನೋಡಿದವರಲ್ಲ. ಅವರ ಮುಂದೆ ಬರುವುದು ಕಾಗದ ಮತ್ತು ಸಾಕ್ಷಿ ಮಾತ್ರ. ಮುರಿದ ಎಲುಬಿನ ಪರವಾಗಿ ಎಕ್ಸರೇ ಸಾಕ್ಷಿ ಹೇಳುತ್ತದೆ. ಮಿದುಳಿನ ನಷ್ಟವನ್ನು ವೈದ್ಯರ ದಾಖಲೆಯೂ ಮನೆಯವರ ಮಾತೂ ಸೇರಿ ಹೇಳಬೇಕಾಗುತ್ತದೆ. ಈ ಕೆಲಸವನ್ನು ಸಕಾಲದಲ್ಲಿ ಮಾಡಿದ ಮನೆಗೂ ಮಾಡದ ಮನೆಗೂ ಕೊನೆಯಲ್ಲಿ ಸಿಗುವ ಹಣದಲ್ಲಿ ಹತ್ತಾರು ಲಕ್ಷ ರೂಪಾಯಿಗಳ ಅಂತರ ಬೀಳುವುದುಂಟು. ಅದು ಹೇಗೆಂದು ಮುಂದೆ ಲೆಕ್ಕ ಸಹಿತ ನೋಡೋಣ.

ನಮ್ಮ ಕಡೆಯ ಅಪಘಾತಗಳು

ಬ್ರಹ್ಮಾವರದಿಂದ ಶಿರೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66 ಊರುಗಳ ನಡುವೆಯೇ ಹಾದುಹೋಗುತ್ತದೆ. ಹಳಬರ ಬಾಯಲ್ಲಿ ಅದು ಇನ್ನೂ ಹೆದ್ದಾರಿ 17. ರಸ್ತೆ ನಾಲ್ಕು ಪಥವಾಯಿತು, ವಾಹನಗಳ ವೇಗ ಹೆಚ್ಚಿತು. ಆದರೆ ಸಾಸ್ತಾನ, ಕೋಟ, ಕೋಟೇಶ್ವರ, ಹೆಮ್ಮಾಡಿ, ತ್ರಾಸಿ, ನಾವುಂದ, ಉಪ್ಪುಂದಗಳಲ್ಲಿ ಒಬ್ಬರ ಮನೆ ಈಚೆ ಬದಿಗಿದ್ದರೆ ಶಾಲೆ, ಹಾಲಿನ ಡೇರಿ, ಮೀನಿನ ಅಂಗಡಿ ಆಚೆ ಬದಿಗೆ. ದಿನಕ್ಕೆ ನಾಲ್ಕು ಸಲ ದಾಟದೆ ಬದುಕಿಲ್ಲ. 2016ರ ಜೂನ್ 21ರಂದು ತ್ರಾಸಿಯ ಮೋವಾಡಿ ಬಳಿ ಶಾಲಾ ಮಕ್ಕಳಿದ್ದ ವ್ಯಾನಿಗೂ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡದ್ದನ್ನು ಈ ಭಾಗದವರು ಮರೆತಿಲ್ಲ.

ದೊಡ್ಡ ಅಪಘಾತಗಳು ಪತ್ರಿಕೆಯಲ್ಲಿ ಬರುತ್ತವೆ. ಬಾರದಿರುವವೂ ಇವೆ: ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತ ಹೆಂಗಸು ರಸ್ತೆ ಉಬ್ಬಿನಲ್ಲಿ ಹಾರಿ ಹಿಂದಲೆ ಬಡಿದು ಬೀಳುವುದು, ತೆಂಗಿನ ಮರದಿಂದ ಅಥವಾ ಅಡಿಕೆ ಮರದಿಂದ ಬೀಳುವುದು, ದೋಣಿಯಲ್ಲಿ ಜಾರಿ ತಲೆ ಹೊಡೆದುಕೊಳ್ಳುವುದು, ಕಟ್ಟಡ ಕೆಲಸದಲ್ಲಿ ಮೇಲಿನಿಂದ ವಸ್ತು ಬೀಳುವುದು. ಇವೆಲ್ಲಕ್ಕೂ ಕಾನೂನಿನ ದಾರಿ ಒಂದೇ ಅಲ್ಲ.

ಮಿದುಳಿಗೆ ಏನಾಗುತ್ತದೆ?

ಮಿದುಳು ಮೆತ್ತಗಿನ ಅಂಗ. ಗಟ್ಟಿ ಬುರುಡೆಯೊಳಗೆ ದ್ರವದ ನಡುವೆ ಅದು ಇರುತ್ತದೆ. ಓಡುತ್ತಿದ್ದ ತಲೆ ಥಟ್ಟನೆ ನಿಂತಾಗ ಒಳಗಿನ ಮಿದುಳು ಬುರುಡೆಗೆ ಬಡಿಯುತ್ತದೆ, ತಿರುಚಿಕೊಳ್ಳುತ್ತದೆ. ಬುರುಡೆ ಒಡೆಯದೆಯೂ ಮಿದುಳಿಗೆ ತೀವ್ರ ಹಾನಿಯಾಗಬಹುದು. ಗಾಯದ ತೀವ್ರತೆಯನ್ನು ಅಳೆಯಲು ವೈದ್ಯರು ಗ್ಲಾಸ್ಗೋ ಮಾಪಕವನ್ನು ಬಳಸುತ್ತಾರೆ; 1974ರಲ್ಲಿ ಬಳಕೆಗೆ ಬಂದದ್ದು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಡಿಮೆ ತೀವ್ರ. ಕೇಸ್ ಶೀಟಿನಲ್ಲಿ ಜಿ.ಸಿ.ಎಸ್. ಎಂದು ಬರೆದಿರುವುದು ಇದನ್ನೇ. ಮುಂದೆ ನ್ಯಾಯಾಲಯದಲ್ಲಿ ಈ ಒಂದು ಅಂಕೆ ಬಹಳ ಮಾತನಾಡುತ್ತದೆ.

"ಬಿದ್ದ, ಎದ್ದ, ನೀರು ಕುಡಿದ, ಮನೆಗೆ ಬಂದ" ಎಂದು ಸುಮ್ಮನಿರಬಾರದು. ಬುರುಡೆಯ ಒಳಗೆ ನಿಧಾನವಾಗಿ ರಕ್ತ ಕೂಡುವ ಬಗೆಯೂ ಇದೆ. ಕೆಲವು ಗಂಟೆ ಸರಿಯಾಗಿದ್ದವರು ಆಮೇಲೆ ಪ್ರಜ್ಞೆ ತಪ್ಪುತ್ತಾರೆ. ವಯಸ್ಸಾದವರಲ್ಲಿ ಸಣ್ಣ ಪೆಟ್ಟಿನ ರಕ್ತಸ್ರಾವ ವಾರಗಳ ನಂತರ ಕಾಣಿಸಿಕೊಳ್ಳಬಹುದು. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಫಿಟ್ಸ್, ಮಾತು ತೊದಲುವುದು, ಒಂದು ಬದಿಯ ಬಲ ಕುಂದುವುದು, ಮೂಗು ಅಥವಾ ಕಿವಿಯಿಂದ ನೀರಿನಂತಹ ದ್ರವ ಸೋರುವುದು ಕಂಡರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ 108ಕ್ಕೆ ಕರೆ ಮಾಡಿರಿ.

ನಂತರದ ತೊಂದರೆಗಳೇ ದೀರ್ಘ. ಈಗ ಹೇಳಿದ್ದು ಈಗ ಮರೆಯುವುದು, ಲೆಕ್ಕ ತಪ್ಪುವುದು, ಸಣ್ಣ ವಿಷಯಕ್ಕೆ ಸಿಟ್ಟಿಗೇಳುವುದು, ಯಾವುದಕ್ಕೂ ಉತ್ಸಾಹವಿಲ್ಲದೆ ಕೂರುವುದು, ಗದ್ದಲ ಸಹಿಸಲಾಗದಿರುವುದು, ನಿದ್ರೆ ಕೆಡುವುದು, ವಾಸನೆ ತಿಳಿಯದಿರುವುದು, ತಿಂಗಳುಗಳ ನಂತರ ಫಿಟ್ಸ್ ಬರುವುದು. ಇದನ್ನು ಸೋಮಾರಿತನವೆಂದೋ ಕುಡಿತದ ಫಲವೆಂದೋ ಬೈಯುವ ಮನೆಗಳಿವೆ. ಹಣೆಯ ಹಿಂಭಾಗದ ಮಿದುಳು ಪೆಟ್ಟು ತಿಂದಾಗ ಸ್ವಭಾವವೇ ಬದಲಾಗುತ್ತದೆ. ಅದು ಗಾಯದ ಲಕ್ಷಣ, ಆತನ ಗುಣದೋಷವಲ್ಲ. ವೈದ್ಯರ ಮುಂದೆ ನಾಚಿಕೆ ಬಿಟ್ಟು ಹೇಳಿರಿ. ಹೇಳಿದರೆ ಚೀಟಿಯಲ್ಲಿ ಬರೆಯುತ್ತಾರೆ. ಬರೆಯದ ತೊಂದರೆ ನ್ಯಾಯಾಲಯದ ಮಟ್ಟಿಗೆ ಇಲ್ಲದ ತೊಂದರೆ.

ಮೊದಲ ವಾರದ ಕಾಗದಗಳು

ಆಸ್ಪತ್ರೆಗೆ ಸೇರಿಸುವಾಗ ನಿಜವನ್ನೇ ಹೇಳಿರಿ. ಪೊಲೀಸ್ ಕೇಸಿನ ಹೆದರಿಕೆಯಿಂದ "ಮನೆಯ ಮೆಟ್ಟಿಲಿಂದ ಬಿದ್ದದ್ದು" ಎಂದು ಬರೆಸಿ, ತಿಂಗಳ ನಂತರ "ಕಾರು ಹೊಡೆದದ್ದು" ಎಂದರೆ ವಿಮಾ ಕಂಪನಿಯ ವಕೀಲರು ಆ ಮೊದಲ ಸಾಲನ್ನೇ ಹಿಡಿಯುತ್ತಾರೆ. ಎಷ್ಟು ನಿಜವಾದ ಕೇಸುಗಳು ಈ ಒಂದು ಸುಳ್ಳಿನಿಂದ ಬಿದ್ದುಹೋಗುತ್ತವೆ ಎಂಬುದು ವಕೀಲರಿಗೆ ಗೊತ್ತು. ಅಪಘಾತವನ್ನು ಆಸ್ಪತ್ರೆಯವರು ಎಂ.ಎಲ್.ಸಿ. ಎಂದು ದಾಖಲಿಸಿ ಠಾಣೆಗೆ ತಿಳಿಸುತ್ತಾರೆ. ಗಾಯಾಳುವನ್ನು ಕರೆತಂದವರು ತಮ್ಮ ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ. ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಕೊಟ್ಟಿದೆ.

ಘಟನೆ ನಡೆದ ವ್ಯಾಪ್ತಿಯ ಠಾಣೆಯಲ್ಲಿ ದೂರು ಕೊಟ್ಟು ಎಫ್.ಐ.ಆರ್. ಪ್ರತಿ ಪಡೆಯಿರಿ. ಮನೆಯವರೆಲ್ಲ ಮಣಿಪಾಲದ ಐ.ಸಿ.ಯು. ಮುಂದೆ ಕುಳಿತಿದ್ದು ದೂರು ತಡವಾದರೆ ಗಾಬರಿ ಬೇಡ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಅದೊಂದೇ ನೆಪದಿಂದ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ರವಿ ಎಂಬವರ ಪ್ರಕರಣದಲ್ಲಿ ಹೇಳಿದೆ. ಕಾರಣವನ್ನು ದೂರಿನಲ್ಲೇ ಬರೆಯಿರಿ. ಎದುರು ವಾಹನದ ನಂಬರು, ಸಾಧ್ಯವಾದರೆ ಜಾಗದ ಫೋಟೋ, ನೋಡಿದವರ ಹೆಸರು ಬೇಕು. ಆಮೇಲೆ ಸಿ.ಟಿ. ಸ್ಕ್ಯಾನ್ ವರದಿ ಮತ್ತು ಫಿಲ್ಮ್, ಡಿಸ್ಚಾರ್ಜ್ ಸಮರಿ, ಗಾಯದ ಪ್ರಮಾಣಪತ್ರ, ಔಷಧ ಅಂಗಡಿಯ ಪ್ರತಿ ಬಿಲ್ಲು, ಆಂಬುಲೆನ್ಸ್ ಮತ್ತು ಬಾಡಿಗೆ ಕಾರಿನ ರಸೀದಿ. ಮಳೆಗಾಲದಲ್ಲಿ ನಮ್ಮ ಕಡೆ ಕಪಾಟಿನ ಕಾಗದವೂ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟು ಒಂದು ಜೆರಾಕ್ಸ್ ಪ್ರತಿಯನ್ನು ಬೇರೆ ಮನೆಯಲ್ಲಿಡುವುದು ಒಳ್ಳೆಯದು.

ಚಿಕಿತ್ಸೆಯ ಮೊದಲ ಖರ್ಚಿಗೆ ಈಗ ಒಂದು ಆಸರೆ ಇದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ವಾಹನ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ಸಿಗುತ್ತದೆ. ಸೇರಿಸುವಾಗಲೇ ವಿಚಾರಿಸಿರಿ. ಮಿದುಳಿನ ಶಸ್ತ್ರಚಿಕಿತ್ಸೆ, ಐ.ಸಿ.ಯು. ಎಂದರೆ ಈ ಹಣ ಬೇಗ ಮುಗಿಯುತ್ತದೆ ಎಂಬುದೂ ನಿಜ.

ಇನ್ನೊಂದು ಪುಸ್ತಕ ಮನೆಯಲ್ಲೇ ಬೇಕು. ನೂರು ಪುಟದ ನೋಟು ಪುಸ್ತಕ ಸಾಕು. ತಾರೀಖು ಹಾಕಿ ಎರಡು ಸಾಲು ಬರೆಯಿರಿ: "ಗ್ಯಾಸ್ ಹಚ್ಚಿ ಮರೆತರು", "ಮಗಳ ಹೆಸರು ನೆನಪಾಗಲಿಲ್ಲ", "ಸಂಜೆ ಫಿಟ್ಸ್ ಬಂತು, ಮೂರು ನಿಮಿಷ", "ಕೆಲಸಕ್ಕೆ ಹೋದರು, ಮಧ್ಯಾಹ್ನವೇ ವಾಪಸು ಕಳಿಸಿದರು". ಮುಂದಿನ ಸಲ ವೈದ್ಯರಿಗೆ ತೋರಿಸಿರಿ. ಒಂದು ವರ್ಷದ ನಂತರ ಸಾಕ್ಷಿ ಕಟ್ಟೆಯಲ್ಲಿ ನಿಂತ ಹೆಂಡತಿಗೆ ಇದಕ್ಕಿಂತ ದೊಡ್ಡ ಬಲ ಇನ್ನೊಂದಿಲ್ಲ. ವೈದ್ಯರಿಗೂ ಚಿಕಿತ್ಸೆಯಲ್ಲಿ ಇದು ನೆರವಾಗುತ್ತದೆ.

ಯಾರನ್ನು ಕೇಳಬೇಕು, ಎಲ್ಲಿ ಕೇಳಬೇಕು?

ಬೇರೆ ವಾಹನದ ಚಾಲಕನ ತಪ್ಪಿನಿಂದ ಪೆಟ್ಟಾಗಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅರ್ಜಿ. ಜನ ಇದನ್ನು ಎಂ.ವಿ.ಸಿ. ಕೇಸು ಎನ್ನುತ್ತಾರೆ. ಚಾಲಕ, ಮಾಲೀಕ, ವಿಮಾ ಕಂಪನಿ ಮೂವರೂ ಎದುರುದಾರರು. ಹಣ ಸಾಮಾನ್ಯವಾಗಿ ಬರುವುದು ವಿಮಾ ಕಂಪನಿಯಿಂದ. ಚಾಲಕನ ಮೇಲಿನ ಕ್ರಿಮಿನಲ್ ಕೇಸು ಬೇರೆ, ಇದು ಬೇರೆ. ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂಬ ನಿಯಮವಿಲ್ಲ. ಗಾಯಾಳು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಬೆಂಗಳೂರಿನ, ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಅಲ್ಲಿ ಅಪಘಾತವಾಗಿ ಊರಿಗೆ ಬಂದು ನೆಲೆಸಿದ್ದರೆ ಕುಂದಾಪುರದ ನ್ಯಾಯಾಲಯದಲ್ಲೇ ಕೇಳಬಹುದು.

ಆರು ತಿಂಗಳ ಮಾತು. 1994ರಿಂದ ಬಹಳ ಕಾಲ ಈ ಅರ್ಜಿಗೆ ಅವಧಿಯ ಮಿತಿ ಇರಲಿಲ್ಲ. "ಯಾವಾಗ ಬೇಕಾದರೂ ಹಾಕಬಹುದು" ಎಂಬ ನಂಬಿಕೆ ಊರಲ್ಲಿ ಇನ್ನೂ ಉಳಿದಿರುವುದು ಅದರಿಂದಲೇ. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ವಿಧಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟು, ಅವಧಿ ಮೀರಿತೆಂದು ಅರ್ಜಿಗಳನ್ನು ವಜಾ ಮಾಡಬಾರದೆಂದಿತು. ಹಾಗೆಂದು ಅದನ್ನೇ ನಂಬಿ ಕೂರುವುದು ಜಾಣತನವಲ್ಲ. ತಲೆಯ ಗಾಯ ಆರು ತಿಂಗಳಲ್ಲಿ ವಾಸಿಯಾಗುವುದಿಲ್ಲ, ಅಂಗವಿಕಲತೆಯ ಅಂದಾಜೂ ಆಗಿರುವುದಿಲ್ಲ. ಆದರೂ ಅರ್ಜಿ ಹಾಕಿಬಿಡಿ. ವೈದ್ಯಕೀಯ ಸಾಕ್ಷ್ಯವನ್ನು ನಂತರ ಸೇರಿಸಬಹುದು. ಕೇಳಿದ ಮೊತ್ತಕ್ಕಿಂತ ಹೆಚ್ಚು ಕೊಡುವ ಅಧಿಕಾರವೂ ನ್ಯಾಯಮಂಡಳಿಗೆ ಇದೆಯೆಂದು ನಾಗಪ್ಪ ಎಂಬವರ ಪ್ರಕರಣದಲ್ಲಿ 2002ರಲ್ಲೇ ತೀರ್ಮಾನವಾಗಿದೆ.

ರೋಗಿಗೆ ತಿಳಿವಳಿಕೆ ಮರಳದಿದ್ದರೆ ಆತನ ಪರವಾಗಿ ಹೆಂಡತಿ, ತಂದೆ ಅಥವಾ ತಾಯಿ ಅರ್ಜಿದಾರರಾಗಿ ನಿಲ್ಲಬೇಕು. ಅರಿವಿಲ್ಲದವನ ಹೆಬ್ಬೆಟ್ಟು ಒತ್ತಿಸಿಕೊಂಡು ವಕಾಲತ್ತು ತುಂಬುವುದು ಸರಿಯಲ್ಲ. ಕೇಸು ನಡೆಯುತ್ತಿರುವಾಗ ಗಾಯಾಳು ತೀರಿಕೊಂಡರೆ, ಸಾವಿನ ಕಾರಣ ಆ ಗಾಯವೇ ಆಗಿರದಿದ್ದರೂ, ಪರಿಹಾರದ ಹಕ್ಕು ವಾರಸುದಾರರಿಗೆ ಉಳಿಯುತ್ತದೆ. ಇದೂ 2019ರ ತಿದ್ದುಪಡಿಯಲ್ಲಿ ಬಂದದ್ದು.

ಹೊಡೆದು ಓಡಿಹೋದ ವಾಹನ ಪತ್ತೆಯಾಗದಿದ್ದರೆ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಸರ್ಕಾರಿ ಯೋಜನೆ 2022ರ ಏಪ್ರಿಲಿನಿಂದ ಇದೆ. ಇದಕ್ಕೆ ಕಂದಾಯ ಇಲಾಖೆಯ ಅಧಿಕಾರಿಗಳಿಗೆ ಅರ್ಜಿ. ಹಣ ಸಣ್ಣದು, ಆದರೆ ಕೇಳುವವರೇ ಕಡಿಮೆ.

ಹೆಲ್ಮೆಟ್ ಇರಲಿಲ್ಲ, ಬೈಕಿನಲ್ಲಿ ಮೂವರಿದ್ದರು ಎಂಬ ಕಾರಣಕ್ಕೆ ಕೆಲವರು ಕೇಸೇ ಹಾಕುವುದಿಲ್ಲ. ಮೂವರು ಕುಳಿತದ್ದು ದಂಡಕ್ಕೆ ಅರ್ಹ ತಪ್ಪಾದರೂ, ಅದೇ ಅಪಘಾತಕ್ಕೆ ಕಾರಣವೆಂದು ಸಾಬೀತಾಗದ ಹೊರತು ಪರಿಹಾರ ಕಡಿತಕ್ಕೆ ಆಧಾರವಾಗದು ಎಂದು 2020ರ ಮೊಹಮ್ಮದ್ ಸಿದ್ದಿಕ್ ತೀರ್ಪಿನಲ್ಲಿದೆ. ಹೆಲ್ಮೆಟ್ ಇಲ್ಲದ್ದಕ್ಕೆ ಸ್ವಲ್ಪ ಕಡಿತವಾಗಬಹುದು, ಹಕ್ಕು ಪೂರ್ತಿ ಹೋಗುವುದಿಲ್ಲ.

ಶೇಕಡಾ ಎಷ್ಟು?

ಪರಿಹಾರದ ತಿರುಳು ಇಲ್ಲಿದೆ. ದೇಹದ ಅಂಗವಿಕಲತೆ ಒಂದು, ದುಡಿಯುವ ಶಕ್ತಿಯ ನಷ್ಟ ಇನ್ನೊಂದು. ಸುಪ್ರೀಂ ಕೋರ್ಟು 2010ರ ಅಕ್ಟೋಬರಿನಲ್ಲಿ ರಾಜ್‌ಕುಮಾರ್ ಎಂಬವರ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಬಿಡಿಸಿತು. ಎಡಗೈ ಕಳೆದುಕೊಂಡವರಿಗೆ ಶೇ. 60 ಅಂಗವಿಕಲತೆ ಎಂದುಕೊಳ್ಳೋಣ. ಆತ ಡ್ರೈವರ್ ಅಥವಾ ಬಡಗಿ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ಶೇ. 100, ಸರ್ಕಾರಿ ಗುಮಾಸ್ತನಾಗಿದ್ದು ಕೆಲಸ ಉಳಿದರೆ ನಷ್ಟ ಇಲ್ಲದೆಯೂ ಇರಬಹುದು. ಮಿದುಳಿನ ಗಾಯಕ್ಕೆ ಇದು ಇನ್ನೂ ಹೆಚ್ಚು ಅನ್ವಯ. ಕೈಕಾಲು ನೆಟ್ಟಗಿರುವ ಆಟೋ ಚಾಲಕನಿಗೆ ಫಿಟ್ಸ್ ಬರುತ್ತಿದ್ದರೆ ಸ್ಟಿಯರಿಂಗ್ ಹಿಡಿಯುವಂತಿಲ್ಲ. ಚಾಲನಾ ಪರವಾನಗಿಯ ಘೋಷಣಾ ಪತ್ರದಲ್ಲೇ ಆ ಪ್ರಶ್ನೆ ಇದೆ. ಅಡುಗೆ ಭಟ್ಟರಿಗೆ ವಾಸನೆ ತಿಳಿಯದಿದ್ದರೆ? ಕ್ಯಾಷ್ ಕೌಂಟರಿನಲ್ಲಿ ಕೂರುವವರಿಗೆ ಲೆಕ್ಕ ನಿಲ್ಲದಿದ್ದರೆ? ಅಂಗವಿಕಲತೆಯ ಪ್ರಮಾಣಪತ್ರದಲ್ಲಿ ಇವು ಸಣ್ಣ ಅಂಕೆಗಳು, ಬದುಕಿನಲ್ಲಿ ಪೂರ್ಣ ನಷ್ಟ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಹೋಟೆಲಿನ ಕ್ಯಾಷ್ ನೋಡುತ್ತಿದ್ದ 32 ವರ್ಷದವರು, ತಿಂಗಳಿಗೆ 15,000 ರೂಪಾಯಿ. ಮುಂದಿನ ಆದಾಯ ವೃದ್ಧಿಗೆಂದು 40 ವರ್ಷದೊಳಗಿನ ಇಂತಹ ದುಡಿಮೆಗಾರರಿಗೆ ಶೇ. 40 ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪು ಹೇಳಿದೆ. ಗಾಯಾಳುಗಳಿಗೂ ಇದು ಅನ್ವಯವೆಂದು 2020ರಲ್ಲಿ ಖಚಿತವಾಯಿತು. ಅಲ್ಲಿಗೆ 21,000. ವಯಸ್ಸಿಗೆ ತಕ್ಕ ಗುಣಕವನ್ನು 2009ರ ಸರಳಾ ವರ್ಮಾ ತೀರ್ಪು ಕೊಟ್ಟಿದೆ; 31ರಿಂದ 35 ವರ್ಷಕ್ಕೆ ಅದು 16. ಹಾಗಾಗಿ 21,000ವನ್ನು 12ರಿಂದ, ಮತ್ತೆ 16ರಿಂದ ಗುಣಿಸಿದರೆ 40,32,000 ರೂಪಾಯಿ. ದುಡಿಮೆಯ ನಷ್ಟ ಶೇ. 20 ಎಂದು ನ್ಯಾಯಮಂಡಳಿ ನಂಬಿದರೆ ಸಿಗುವುದು 8,06,400. ಶೇ. 60 ಎಂದು ನಂಬಿದರೆ 24,19,200. ಗಾಯ ಒಂದೇ, ಮನುಷ್ಯ ಒಬ್ಬನೇ. ಅಂತರ 16 ಲಕ್ಷಕ್ಕೂ ಹೆಚ್ಚು. ನೋಟು ಪುಸ್ತಕ, ವೈದ್ಯರ ಚೀಟಿ, ಕೆಲಸದಿಂದ ಬಿಡಿಸಿದ ಮಾಲೀಕರ ಪತ್ರ, ಜ್ಞಾಪಕಶಕ್ತಿಯ ಪರೀಕ್ಷೆ ಇವೆಲ್ಲ ನಿಲ್ಲುವುದು ಈ ಅಂತರದಲ್ಲಿ.

ಜ್ಞಾಪಕಶಕ್ತಿ, ಗಮನ, ನಿರ್ಣಯ ಶಕ್ತಿಗಳನ್ನು ಅಳೆಯುವ ನರಮನೋವೈಜ್ಞಾನಿಕ ಪರೀಕ್ಷೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಹೆಸರಾದ ಸಂಸ್ಥೆ. ಸಿ.ಟಿ. ಸ್ಕ್ಯಾನಿನಲ್ಲಿ ಕಾಣದ ತೊಂದರೆಯನ್ನು ಈ ಪರೀಕ್ಷೆ ಅಂಕೆಗಳಲ್ಲಿ ತೋರಿಸುತ್ತದೆ. ನಮ್ಮ ಜಿಲ್ಲೆಯವರಿಗೆ ಅಂಗವಿಕಲತೆಯ ಪ್ರಮಾಣಪತ್ರ ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ ಆಗುತ್ತದೆ. ಕೋರ್ಟಿಗೆಂದೇ ಹಣಕ್ಕೆ ಬರೆದುಕೊಡುವ, ರೋಗಿಯನ್ನು ಒಮ್ಮೆಯೂ ನೋಡದ ವೈದ್ಯರ ಪ್ರಮಾಣಪತ್ರದ ಬಗ್ಗೆ ಎಚ್ಚರವಿರಲಿ. ರಾಜ್‌ಕುಮಾರ್ ತೀರ್ಪಿನಲ್ಲೇ ಅದರ ಬಗ್ಗೆ ಎಚ್ಚರಿಕೆ ಇದೆ. ಚಿಕಿತ್ಸೆ ಕೊಟ್ಟ ವೈದ್ಯರೇ ಬಂದು ಸಾಕ್ಷಿ ಹೇಳುವುದು ಉತ್ತಮ. ವೈದ್ಯರಿಗೆ ಇಡೀ ದಿನ ಕೋರ್ಟಿನಲ್ಲಿ ಕಾಯಲಾಗದು. ಅದಕ್ಕಾಗಿ ಸಮಯ ನಿಗದಿ ಮಾಡುವ, ಕಮಿಷನ್ ಮೂಲಕ ಹೇಳಿಕೆ ಪಡೆಯುವ ದಾರಿಯನ್ನೂ ಅದೇ ತೀರ್ಪು ತೋರಿಸಿದೆ.

"ನಮಗೆ ಸಂಬಳದ ಚೀಟಿ ಇಲ್ಲ" ಎನ್ನುವವರು ಕೈಚೆಲ್ಲಬೇಕಾಗಿಲ್ಲ. ನಮ್ಮ ರಾಜ್ಯದ ತರಕಾರಿ ವ್ಯಾಪಾರಿ ಸೈಯದ್ ಸಾದಿಕ್ ಅವರ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, ಇಂತಹ ದುಡಿಮೆಯವರಿಂದ ದಾಖಲೆ ನಿರೀಕ್ಷಿಸಲಾಗದೆಂದು ತಿಂಗಳಿಗೆ 6,500 ರೂಪಾಯಿ ಆದಾಯವನ್ನು ಒಪ್ಪಿತು. ದಾಖಲೆ ಇಲ್ಲದವರಿಗಾಗಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ವರ್ಷವಾರು ಆದಾಯ ಪಟ್ಟಿಯನ್ನೂ ನ್ಯಾಯಾಲಯಗಳು ಬಳಸುತ್ತವೆ. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂಬುದು 2021ರ ಕೀರ್ತಿ ತೀರ್ಪಿನಲ್ಲಿ ಮತ್ತೆ ದೃಢವಾಯಿತು. ಆದ್ದರಿಂದ ಹೆಂಗಸರ ಅರ್ಜಿಯಲ್ಲಿ "ಕೆಲಸವಿಲ್ಲ" ಎಂದು ಬರೆಯಲು ಬಿಡಬೇಡಿ. ದನ ಕರು, ತೋಟ, ಹೂ ಕಟ್ಟುವುದು, ಮೀನು ಮಾರುವುದು ಎಲ್ಲವನ್ನೂ ಬರೆಸಿರಿ.

ನೋಡಿಕೊಳ್ಳುವವರ ದುಡಿಮೆ

ತೀವ್ರ ಗಾಯದಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರ ದುಡಿಮೆಯೂ ಹೋಗುತ್ತದೆ. ಅಮ್ಮನೋ ಹೆಂಡತಿಯೋ ನೋಡಿಕೊಂಡರೆ ಅದು ಪುಕ್ಕಟೆ ಎಂದು ನಾವೇ ಭಾವಿಸಿಬಿಡುತ್ತೇವೆ. ಕಾನೂನು ಹಾಗೆ ಭಾವಿಸುವುದಿಲ್ಲ. 2007ರಲ್ಲಿ 12 ವರ್ಷದ ಕಾಜಲ್ ಎಂಬ ಹುಡುಗಿ ಟ್ರಾಕ್ಟರಿನಲ್ಲಿ ಹೋಗುವಾಗ ಲಾರಿ ಬಡಿದು ಮಿದುಳಿಗೆ ಪೆಟ್ಟಾಗಿ, ಒಂಬತ್ತು ತಿಂಗಳ ಮಗುವಿನ ಬುದ್ಧಿಯ ಮಟ್ಟದಲ್ಲಿ ಉಳಿದಳು. ನ್ಯಾಯಮಂಡಳಿ ಸುಮಾರು 11 ಲಕ್ಷ ಕೊಟ್ಟಿತ್ತು. ಹೈಕೋರ್ಟು ಅದನ್ನು 25 ಲಕ್ಷ ದಾಟಿಸಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಟ್ಟು 62,27,000 ರೂಪಾಯಿಗೆ ಏರಿಸಿತು. ಅದರಲ್ಲಿ 21,60,000 ರೂಪಾಯಿ ಕೇವಲ ಇಬ್ಬರು ಆರೈಕೆಯವರಿಗಾಗಿ: ತಲಾ 5,000 ರೂಪಾಯಿ, 12 ತಿಂಗಳು, ಗುಣಕ 18. ಕರ್ನಾಟಕದಿಂದ ಹೋದ ಮಾಸ್ಟರ್ ಆಯುಷ್ ಪ್ರಕರಣದಲ್ಲಿ ಐದು ವರ್ಷದಲ್ಲಿ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಬಾಲಕನಿಗೆ 2022ರಲ್ಲಿ 49,93,000 ರೂಪಾಯಿ ಆಯಿತು. ಇವು ಪ್ರತಿ ಮನೆಗೂ ಸಿಗುವ ಮೊತ್ತಗಳಲ್ಲ. ಆದರೆ ಆರೈಕೆ, ಮುಂದಿನ ಚಿಕಿತ್ಸೆ, ಫಿಸಿಯೋಥೆರಪಿ, ಮದುವೆಯ ಅವಕಾಶದ ನಷ್ಟ, ನೋವು ಇವೆಲ್ಲ ಬೇರೆ ಬೇರೆ ತಲೆಬರಹಗಳಲ್ಲಿ ಕೇಳಬೇಕಾದವು ಎಂಬುದು ತಿಳಿದಿರಲಿ. ಅರ್ಜಿಯಲ್ಲಿ ಇವು ಇವೆಯೇ ಎಂದು ವಕೀಲರನ್ನು ಕೇಳಲು ಸಂಕೋಚ ಬೇಡ.

ಎದುರು ವಾಹನವಿಲ್ಲದ ಪೆಟ್ಟು

ಸ್ವಂತ ಬೈಕಿನಿಂದ ತಾನೇ ಜಾರಿ ಬಿದ್ದವರಿಗೆ ಥರ್ಡ್ ಪಾರ್ಟಿ ವಿಮೆ ಬರುವುದಿಲ್ಲ. ಆದರೆ ಪಾಲಿಸಿಯಲ್ಲಿ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲು ಇದೆಯೇ ನೋಡಿರಿ. 2018ರಿಂದ ಅದರ ಮೊತ್ತ 15 ಲಕ್ಷ. ಸಾವಿಗೆ ಮತ್ತು ಶಾಶ್ವತ ಪೂರ್ಣ ಅಂಗವಿಕಲತೆಗೆ ಅದು ಸಿಗುತ್ತದೆ, ಲೈಸೆನ್ಸ್ ಚಾಲ್ತಿಯಲ್ಲಿರಬೇಕು.

ಹಿಂದೆ ಕುಳಿತ ಹೆಂಡತಿಗೆ ಪೆಟ್ಟಾದರೆ? ಪ್ಯಾಕೇಜ್ ಪಾಲಿಸಿ ಇದ್ದರೆ ವಿಮಾ ಕಂಪನಿ ಕೊಡಬೇಕಾಗುತ್ತದೆ. ಬರೇ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂಬದಿ ಸವಾರರಿಗೆ ಕಂಪನಿ ಹೊಣೆಯಲ್ಲ ಎಂದು 2006ರ ತಿಲಕ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹಳೆಯ ಬೈಕೆಂದು ಸ್ವಲ್ಪ ಹಣ ಉಳಿಸಲು ಪ್ಯಾಕೇಜ್ ಬಿಡುವವರು ಹಿಂದೆ ಯಾರು ಕೂರುತ್ತಾರೆ ಎಂದು ಒಮ್ಮೆ ಯೋಚಿಸಬೇಕು.

ಕೆಲಸದ ಮೇಲಿದ್ದಾಗ ಆದ ಪೆಟ್ಟಿಗೆ ಧಣಿಯೇ ಹೊಣೆ. ಇದಕ್ಕಿದ್ದ 1923ರ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಇಲ್ಲಿ ಧಣಿಯ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಕೆಲಸದ ಸಂಬಂಧ ತೋರಿಸಿದರೆ ಸಾಕು. ಕೆಲಸದಲ್ಲಿದ್ದಾಗ ವಾಹನ ಅಪಘಾತವಾಗಿದ್ದರೆ ಈ ದಾರಿ ಅಥವಾ ಎಂ.ವಿ.ಸಿ. ದಾರಿ, ಎರಡರಲ್ಲಿ ಒಂದನ್ನೇ ಆರಿಸಬೇಕು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಮರ ಹತ್ತುವ ಮೊದಲು ಮಾಡಿಸಿದರೆ ಮಾತ್ರ ಉಪಯೋಗ. ಹೊಡೆದಾಟದಲ್ಲಿ ತಲೆಗೆ ಪೆಟ್ಟಾದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಸಂತ್ರಸ್ತರ ಪರಿಹಾರ ಕೇಳಬಹುದು.

ರಾಜಿ ಮತ್ತು ವಕೀಲರು

ರಸ್ತೆ ಬದಿಯಲ್ಲೇ ಹತ್ತು-ಇಪ್ಪತ್ತು ಸಾವಿರ ಕೊಟ್ಟು "ಕೇಸು ಬೇಡ" ಎಂದು ಬರೆಸಿಕೊಳ್ಳುವ ಪದ್ಧತಿ ಇದೆ. ಕೈಕಾಲು ತರಚಿದ್ದಕ್ಕೆ ಸರಿಯಿರಬಹುದು, ತಲೆಗೆ ಪೆಟ್ಟಾದಾಗ ಒಪ್ಪಬೇಡಿ. ಮೊದಲ ದಿನ ಏನೂ ತಿಳಿಯುವುದಿಲ್ಲ. ಲೋಕ ಅದಾಲತ್ ಒಳ್ಳೆಯ ವ್ಯವಸ್ಥೆ, ಬೇಗ ಹಣ ಬರುತ್ತದೆ. ಆದರೆ ಅಲ್ಲಿ ಒಪ್ಪಿದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಅಂಗವಿಕಲತೆಯ ಅಂದಾಜು ಆಗುವ ಮೊದಲು ಅಲ್ಲಿ ಸಹಿ ಹಾಕಿದರೆ ಮತ್ತೆ ಬಿಡಿಸಿಕೊಳ್ಳಲಾಗದು.

ಆಸ್ಪತ್ರೆಯ ವರಾಂಡದಲ್ಲೇ ಬಂದು ಕಾಗದ ಕೇಳುವ ಮಧ್ಯವರ್ತಿಗಳಿಗೆ ಮೂಲ ದಾಖಲೆ ಕೊಡಬೇಡಿ. "ಬಂದದ್ದರಲ್ಲಿ ಇಷ್ಟು ಪಾಲು" ಎಂಬ ಫೀಸಿನ ಒಪ್ಪಂದಕ್ಕೆ ವಕೀಲರ ಪರಿಷತ್ತಿನ ನಿಯಮಗಳಲ್ಲಿ ಅವಕಾಶವಿಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಕುಂದಾಪುರದ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿರಿ, ಅಥವಾ 15100ಕ್ಕೆ ಕರೆ ಮಾಡಿರಿ.

ತೀರ್ಪಿನ ಮೊತ್ತ ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ. ಹಣದ ಒಂದು ಭಾಗವನ್ನು ನ್ಯಾಯಮಂಡಳಿ ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಅರಿವು ಕುಂದಿದ ರೋಗಿಯ ಹಣ ಕಂಡವರ ಪಾಲಾಗದಿರಲು ಇದು ಬೇಕು. ಆದರೆ ಶಸ್ತ್ರಚಿಕಿತ್ಸೆ, ಮನೆಯಲ್ಲಿ ರ‍್ಯಾಂಪ್ ಕಟ್ಟಿಸುವುದು, ಮಕ್ಕಳ ಫೀಸು ಮುಂತಾದ ನಿಜವಾದ ಅಗತ್ಯ ಬಂದಾಗ ಠೇವಣಿ ಬಿಡಿಸಿಕೊಡುವಂತೆ ಅರ್ಜಿ ಹಾಕಬಹುದು. ಯಾಂತ್ರಿಕವಾಗಿ ಎಲ್ಲರ ಹಣವನ್ನೂ ಕಟ್ಟಿಡಬಾರದೆಂದು ಬೆಂಗಳೂರಿನಿಂದ ಹೋದ ಎ.ವಿ. ಪದ್ಮ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಅರ್ಜಿಯ ಜೊತೆ ವೈದ್ಯರ ಅಂದಾಜು ಖರ್ಚಿನ ಪತ್ರ ಬೇಕಾಗುತ್ತದೆ. ಹೊರರೋಗಿ ವಿಭಾಗದಲ್ಲಿ ಹಳೆಯ ಡಿಸ್ಚಾರ್ಜ್ ಸಮರಿಯನ್ನು ತೋರಿಸಿ ಕೇಳಿದರೆ ಬರೆದುಕೊಡುತ್ತಾರೆ.